ಗೇಟ್ ಇಂಟರ್‌ಲಾಕ್ ಬೈಪಾಸ್ ಮಾಡಿದ ಸರ್ವಿಸ್ ಬಗ್ಗೆ ದೂರು

ಇಂದ: ಟ್ರಾನ್ಸ್‌ಫಾರ್ಮರ್ ರಿಪೇರಿ ಘಟಕದ ಮಾಲೀಕರು, ದಾವಣಗೆರೆ
ಗೆ: ಸರ್ವಿಸ್ ವಿಭಾಗದ ಮುಖ್ಯಸ್ಥರು

ವಿಷಯ: 50 ಕೆವಿ ಹೈವೋಲ್ಟೇಜ್ ಟೆಸ್ಟ್ ಸೆಟ್‌ನ ಸುರಕ್ಷತಾ ಸ್ವಿಚ್‌ಗಳನ್ನು ತಪ್ಪಿಸಿ ವೈರಿಂಗ್ ಮಾಡಿರುವುದು

ಮಾನ್ಯರೇ,

ಚನ್ನಗಿರಿ, ಜಗಳೂರು ಕಡೆಯಿಂದ ಸುಟ್ಟುಹೋದ 25, 63, 100 ಕೆವಿಎ ಟಿಸಿಗಳು (ಟ್ರಾನ್ಸ್‌ಫಾರ್ಮರ್‌ಗಳು) ನಮ್ಮ ಶೆಡ್ಡಿಗೆ ಬರುತ್ತವೆ. ಕಾಯಿಲ್ ಸುತ್ತಿ, ಎಣ್ಣೆ ತುಂಬಿ, ನಿಮ್ಮ ಸೆಟ್‌ನಲ್ಲಿ ಟೆಸ್ಟ್ ಮಾಡಿ ಕಳಿಸುತ್ತೇವೆ.

ಕಳೆದ ತಿಂಗಳು ಸೆಟ್ ಪದೇ ಪದೇ ಆಫ್ ಆಗುತ್ತಿತ್ತು. ನಿಮ್ಮ ಟೆಕ್ನಿಷಿಯನ್ ಬಂದು ನೋಡಿದರು. ಮೆಷಿನ್ ಸರಿಯಿದೆ ಎಂದು ರಿಪೋರ್ಟ್ ಬರೆದು, ಬಿಲ್ ಕೊಟ್ಟು ಹೋದರು.

ಅದಾದ ಮೇಲೆ ಒಂದು ದಿನ, ಹೊಸದಾಗಿ ಸುತ್ತಿದ 11 ಕೆವಿ ಕಾಯಿಲ್‌ಗೆ 28 ಕೆವಿ ಕೊಟ್ಟು ಒಂದು ನಿಮಿಷ ನಿಲ್ಲಿಸುವ ಟೆಸ್ಟ್ ನಡೆಯುತ್ತಿತ್ತು. ಟೆಸ್ಟ್ ಜಾಗದ ಸುತ್ತಲಿನ ಬೇಲಿಯ ಗೇಟ್ ಗಾಳಿಗೆ ತೆರೆದುಕೊಂಡಿತು. ಗೇಟ್‌ನ ಸುರಕ್ಷತಾ ಸ್ವಿಚ್‌ನಿಂದ (ಇಂಟರ್‌ಲಾಕ್) ಆ ಕ್ಷಣವೇ ಸಪ್ಲೈ ಕಟ್ ಆಗಬೇಕಿತ್ತು. ಮೀಟರ್ ಮುಳ್ಳು 28ರಿಂದ ಅಲ್ಲಾಡಲೇ ಇಲ್ಲ. ಆಪರೇಟರ್ ಎಮರ್ಜೆನ್ಸಿ ಸ್ಟಾಪ್ ಒತ್ತಿದರು. ಯಾರಿಗೂ ಏನೂ ಆಗಲಿಲ್ಲ.

ಮೇನ್ ಇಳಿಸಿ ಪ್ಯಾನೆಲ್ ತೆಗೆದು ನೋಡಿದೆವು. ಗೇಟ್ ಸ್ವಿಚ್‌ನ ಎರಡು ಟರ್ಮಿನಲ್‌ಗಳ ನಡುವೆ ತುಂಡು ವೈರ್ ಹಾಕಿ ಶಾರ್ಟ್ ಮಾಡಿದ್ದಾರೆ. ಜೀರೋ ಸ್ಟಾರ್ಟ್ ಸ್ವಿಚ್‌ಗೂ ಅದೇ ಗತಿ. ಡಿಮ್ಮರ್ (ವೋಲ್ಟೇಜ್ ಏರಿಸಿ ಇಳಿಸುವ ನಾಬ್) ಸೊನ್ನೆಗೆ ಬರದೆ ಎಚ್‌ಟಿ (ಹೈವೋಲ್ಟೇಜ್) ಆನ್ ಆಗಬಾರದು, ಅಲ್ವಾ? ಈಗ ನಾಬ್ ಎಲ್ಲಿದ್ದರೂ ಆನ್ ಆಗುತ್ತದೆ. ಹಿಂದಿನ ಟೆಸ್ಟ್ ಮುಗಿಸಿದವರು ನಾಬ್ ಇಳಿಸಲು ಮರೆತಿದ್ದರೆ ಬಟನ್ ಒತ್ತಿದ ಕೂಡಲೇ ಪೂರ್ತಿ ವೋಲ್ಟೇಜ್ ಬಂದು ಬೀಳುತ್ತದೆ.

ಫೋನ್ ಮಾಡಿದಾಗ ನಿಮ್ಮ ಕಚೇರಿಯವರು, ಸ್ವಿಚ್ ಸ್ಟಾಕ್ ಇರಲಿಲ್ಲ, ಕರೆಂಟ್ ಮಿತಿ ಮೀರಿದರೆ ಸಪ್ಲೈ ಕಟ್ ಮಾಡುವ ಟ್ರಿಪ್ ರಿಲೇ ಇದೆಯಲ್ಲ ಎಂದರು. ಈ ಮಾತು ಕೇಳಿ ನನಗೆ ಜಾಸ್ತಿ ಭಯವಾಯಿತು. ಆ ರಿಲೇ 100 ಮಿಲಿಆಂಪ್‌ಗೆ ಸೆಟ್ ಆಗಿದೆ. ಅದು ಮೆಷಿನ್ ಉಳಿಸಲು ಇರುವುದು. ಎದೆಯ ಮೂಲಕ ಅದಕ್ಕಿಂತ ಕಡಿಮೆ ಕರೆಂಟ್ ಹರಿದರೂ ಮನುಷ್ಯ ಸಾಯಬಹುದು. ಅರ್ಥ್ ರಾಡ್ ತಾಗಿಸದೆ ನಮ್ಮ ಹುಡುಗರು ಕಾಯಿಲ್ ಮುಟ್ಟುವುದಿಲ್ಲ, ನಿಜ. ಆದರೆ ರಾಡ್ ಇರುವುದು ಸಪ್ಲೈ ನಿಂತ ಮೇಲೆ ಉಳಿದ ಚಾರ್ಜ್ ಇಳಿಸಲು. ಗೇಟ್ ತೆಗೆದರೆ ಸಪ್ಲೈ ನಿಂತಿದೆ ಎಂದು ನಂಬಿ ಅವರು ಒಳಗೆ ಹೋಗುತ್ತಾರೆ. ಐಟಿಐ ಮುಗಿಸಿ ಬಂದ ಹುಡುಗರಿಗೆ ಆ ನಂಬಿಕೆಯನ್ನು ಕಲಿಸಿದವನು ನಾನೇ. ನಿಮ್ಮವರು ಒಂದು ಮಾತೂ ಹೇಳದೆ ಅದನ್ನು ಸುಳ್ಳು ಮಾಡಿಟ್ಟು ಹೋದರು.

ಸ್ವಿಚ್ ಸಿಗದಿದ್ದರೆ ಸೆಟ್ ಬಂದ್ ಮಾಡಿ, ಬಳಸಬೇಡಿ ಎಂದು ಬರೆದುಕೊಡಬೇಕಿತ್ತು. ಬೇಸಿಗೆಯಲ್ಲಿ ಅಡಿಕೆ ತೋಟದವರು ಟಿಸಿಗಾಗಿ ಬಾಗಿಲಲ್ಲೇ ಕಾಯುತ್ತಿರುತ್ತಾರೆ, ನಷ್ಟ ನಮಗೇ. ಆದರೂ ಒಪ್ಪಿಕೊಳ್ಳುತ್ತಿದ್ದೆವು. ಈಗಲೂ ಸೆಟ್‌ಗೆ ಬೀಗ ಹಾಕಿ, ಟೆಸ್ಟಿಂಗ್ ಹೊರಗೆ ಮಾಡಿಸುತ್ತಿದ್ದೇವೆ.

ಎರಡೂ ಸ್ವಿಚ್ ಹೊಸದು ಹಾಕಿಕೊಡಿ, ಅದಕ್ಕೆ ಹಣ ಕೇಳಬೇಡಿ. ಗೇಟ್ ತೆಗೆದಾಗ ಸಪ್ಲೈ ಕಟ್ ಆಗುವುದನ್ನು ನಮ್ಮೆದುರೇ ತೋರಿಸಿ, ಹೊಸ ರಿಪೋರ್ಟ್ ಬರೆದುಕೊಡಿ. ಪ್ಯಾನೆಲ್ ಮೇಲಿನ ಸೂಚನೆಗಳು ಬರೀ ಇಂಗ್ಲಿಷಿನಲ್ಲಿವೆ, ಕನ್ನಡದಲ್ಲೂ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಇದೇ ಟೆಕ್ನಿಷಿಯನ್ ಸರ್ವಿಸ್ ಮಾಡಿದ ಬೇರೆ ಸೆಟ್‌ಗಳನ್ನು ಈ ವಾರವೇ ನೋಡಿಸಿ. ಅಲ್ಲಿಯೂ ಹೀಗೇ ಮಾಡಿದ್ದರೆ ಆ ಸೆಟ್ ಬಳಸುವವರಿಗೆ ಗೊತ್ತಾಗುವುದು ಹೇಗೆ?

ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಲಿಖಿತ ದೂರು ಕೊಡುತ್ತೇನೆ. ಪ್ಯಾನೆಲ್ ಒಳಗಿನ ಫೋಟೋ, ನಿಮ್ಮ ರಿಪೋರ್ಟ್ ಮತ್ತು ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. ತುಂಡು ವೈರ್‌ಗಳನ್ನು ತೆಗೆದಿಲ್ಲ, ನಿಮ್ಮ ಎಂಜಿನಿಯರ್ ಬಂದು ಕಣ್ಣಾರೆ ನೋಡಲಿ.

ಇಂತಿ,
ಘಟಕದ ಮಾಲೀಕರು
ದಾವಣಗೆರೆ