ಉಲ್ಲೇಖಗಳ ಲೆಕ್ಕ ಕೇಳಿದ ಮಗಳಿಗೆ

ಮೈಸೂರು

ಚಿ. ಮೇಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಅಲೆಗಳ ಚದುರಿಕೆಯ ಮೇಲೆ ನೀನು ಬರೆದ ಪ್ರಬಂಧವನ್ನು ಎರಡು ವರ್ಷಗಳಲ್ಲಿ ನಾಲ್ಕೇ ಜನ ಉಲ್ಲೇಖಿಸಿದ್ದಾರೆಂದೂ, ಅವರಲ್ಲೊಬ್ಬರು ನಿನ್ನ ಗೈಡ್ ಎಂದೂ ತಿಳಿಸಿದ್ದೀಯೆ. ಮೊದಲು ನಗು ಬಂತು. ಆಮೇಲೆ ನಿನ್ನ ಸಂಕಟ ಅರ್ಥವಾಯಿತು.

ನಮ್ಮ ಬೆಂಗಳೂರಿನವರೇ ಆದ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಗೆ ಬರೆದ ಪುಟ್ಟ ಪ್ರಬಂಧವನ್ನು ಹುಡುಕಿ ಓದು. ಬೆಳಕನ್ನೇ ಹೊರಬಿಡದ ಕಪ್ಪುಕುಳಿ ಒಂಟಿಯಾಗಿದ್ದರೆ ಅದನ್ನು ಗುರುತಿಸುವುದು ಹೇಗೆಂಬ ಪ್ರಶ್ನೆಗೆ, ಅದರತ್ತ ಗುರುತ್ವದ ಅಲೆಗಳನ್ನು ಕಳುಹಿಸಿ, ಚದುರಿ ಬಂದ ಅಲೆಯಲ್ಲಿ ಅದರ ಛಾಪು ಉಳಿದಿದೆಯೇ ಎಂದು ನೋಡಬೇಕೆಂಬುದು ಅವರ ಉತ್ತರವಾಗಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಅಗಲವಾದ ವೇವ್ ಪ್ಯಾಕೆಟ್ (ಅಲೆಯ ಒಂದು ತುಣುಕು) ಕಳುಹಿಸಿದಾಗ ವಿಶೇಷವೇನೂ ಕಾಣಲಿಲ್ಲ. ಅದನ್ನು ಕಿರಿದಾಗಿಸುತ್ತ ಕುಳಿಯ ಗಾತ್ರಕ್ಕೆ ತಂದಾಗ, ಚದುರಿದ ಅಲೆಯ ಬಾಲದಲ್ಲಿ ಬೇಗನೆ ಕ್ಷೀಣಿಸುವ ಒಂದು ಮಿಡಿತ ಕಾಣಿಸಿಕೊಂಡಿತು. ಸಂತೆಯಲ್ಲಿ ನಿನ್ನಜ್ಜಿ ಮಣ್ಣಿನ ಗಡಿಗೆಯನ್ನು ಬೆರಳಗಂಟಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದುದು ನೆನಪಿದೆಯೇ? ಆ ನಾದ ಗಡಿಗೆಯದು, ಬೆರಳಿನದಲ್ಲ. ಹಾಗೆಯೇ ಈ ಮಿಡಿತದ ಆವರ್ತನವೂ ಕ್ಷೀಣಿಸುವ ವೇಗವೂ ಕುಳಿಯ ದ್ರವ್ಯರಾಶಿಯನ್ನು (ಅದು ತಿರುಗುತ್ತಿದ್ದರೆ ಆ ತಿರುಗುವಿಕೆಯನ್ನೂ) ಹೇಳುತ್ತವೆ, ಬಂದ ಅಲೆ ಎಂಥದ್ದೆಂಬುದನ್ನಲ್ಲ.

ಆ ಪ್ರಬಂಧವನ್ನು ಯಾರೂ ಗಮನಿಸಲಿಲ್ಲವೆಂದು ನಾನು ಹೇಳುತ್ತಿಲ್ಲ. ಮರುವರ್ಷವೇ ವಿಲಿಯಂ ಪ್ರೆಸ್ ಇಂಥ ಮಿಡಿತಗಳಿಗೆ ಕ್ವಾಸಿನಾರ್ಮಲ್ ಮೋಡ್ ಎಂದು ಹೆಸರಿಟ್ಟರು. 1975ರಲ್ಲಿ ಖಭೌತವಿಜ್ಞಾನಿಗಳಾದ ಎಸ್. ಚಂದ್ರಶೇಖರ್ ಮತ್ತು ಡೆಟ್ವೈಲರ್ ಅವುಗಳ ಲೆಕ್ಕವನ್ನು ಮುಂದಕ್ಕೊಯ್ದರು. ಆದರೆ ನಿಸರ್ಗವೇ ಆ ಮಿಡಿತವನ್ನು ನುಡಿಸಿ ತೋರಿಸಿದ್ದು 2015ರ ಸೆಪ್ಟೆಂಬರ್ 14ರಂದು, ಎರಡು ಕಪ್ಪುಕುಳಿಗಳು ಒಂದಾದಾಗ ಹೊಮ್ಮಿದ ಅಲೆಯನ್ನು ಅಮೆರಿಕದ ಲೈಗೋ ಎಂಬ ಗುರುತ್ವ ಅಲೆಗಳ ವೀಕ್ಷಣಾಲಯ ಹಿಡಿದಾಗ. ಆ 45 ವರ್ಷಗಳನ್ನು ಯಾವ ಆಯ್ಕೆ ಸಮಿತಿಯೂ ಕಾಯುತ್ತಿರಲಿಲ್ಲ. ವಿಶ್ವೇಶ್ವರರು 2017ರ ಜನವರಿಯಲ್ಲಿ ತೀರಿಕೊಂಡರು. ಈ ಸುದ್ದಿ ಅವರ ಜೀವಿತಕಾಲದಲ್ಲೇ ಬಂದದ್ದು ನನಗಂತೂ ಸಮಾಧಾನ.

ಸಂಖ್ಯೆಯನ್ನು ಕಡೆಗಣಿಸು ಎಂದು ಹೇಳಲಾರೆ, ಏಕೆಂದರೆ ಕೆಲಸದ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇದ್ದೇ ಇರುತ್ತದೆ. ಅಲ್ಲಿ ಬರೆದು ಸುಮ್ಮನಾಗು. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಸೂಚಿಸಿದ ಎಚ್-ಇಂಡೆಕ್ಸ್ (ಕನಿಷ್ಠ ಎಷ್ಟು ಪ್ರಬಂಧಗಳಿಗೆ ತಲಾ ಅಷ್ಟೇ ಉಲ್ಲೇಖಗಳಾದರೂ ಸಿಕ್ಕಿವೆಯೋ ಆ ದೊಡ್ಡ ಸಂಖ್ಯೆ) ಪ್ರಕಾರ, ಸಾವಿರ ಸಲ ಉಲ್ಲೇಖವಾದ ಒಂದೇ ಪ್ರಬಂಧ ಬರೆದವನ ಅಂಕ ಒಂದು. ಹತ್ತು ಹತ್ತು ಉಲ್ಲೇಖ ಪಡೆದ ಹತ್ತು ಪ್ರಬಂಧದವನ ಅಂಕ ಹತ್ತು. ನಾನೂ ಬಡ್ತಿಯ ಆಸೆಗೆ ಒಂದು ಫಲಿತಾಂಶವನ್ನು ಮೂರು ತುಂಡು ಮಾಡಿ ಪ್ರಕಟಿಸಿದವನೇ. ಬಡ್ತಿ ಸಿಕ್ಕಿತು, ಆ ಮೂರನ್ನೂ ಈಗ ತೆರೆದು ನೋಡಲು ನನಗೇ ಮುಜುಗರ.

ನಿನ್ನ ನಾಲ್ವರಲ್ಲಿ ಗೈಡ್ ಬಿಟ್ಟು ಉಳಿದ ಮೂವರು ಯಾವ ಸಮೀಕರಣವನ್ನು, ಏತಕ್ಕಾಗಿ ಬಳಸಿಕೊಂಡಿದ್ದಾರೆಂದು ನೋಡಿದೆಯಾ? ಮುಂದಿನ ಪತ್ರದಲ್ಲಿ ಅದನ್ನು ಬರೆ. ದಸರೆಗೆ ಬರುವಾಗ ಹೊಸ ಕರಡಿನ ಪ್ರತಿ ತಾ, ಅಂಚು ಅಗಲವಾಗಿರಲಿ, ಪೆನ್ಸಿಲಿನಲ್ಲಿ ಗೀಚುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ.

ಇಂತು,
ನಿನ್ನ ದೊಡ್ಡಪ್ಪ