ಗೋಡೆಚಿತ್ರ ಉಳಿಯಬೇಕಾದರೆ ಮೊದಲು ಚರಂಡಿ ಸರಿಯಾಗಲಿ

ಮಾನ್ಯ ಸಂಪಾದಕರೇ,

ಹಳೇ ದಾವಣಗೆರೆಯ ಮಂಡಕ್ಕಿ ಭಟ್ಟಿ ಪ್ರದೇಶಕ್ಕೆ ಹೊಂದಿಕೊಂಡಿರುವ ನಮ್ಮ ಕೇರಿಯಲ್ಲಿ, ಶಾಲೆಯೊಂದರ ಕಾಂಪೌಂಡ್ ಗೋಡೆಯ ಮೇಲೆ ಕಳೆದ ಬೇಸಿಗೆಯಲ್ಲಿ ನೆರೆಹೊರೆಯವರೆಲ್ಲ ಸೇರಿ ಕೇರಿಯ ಚರಿತ್ರೆಯನ್ನು ಚಿತ್ರವಾಗಿ ಬರೆದೆವು. ಒಂದೇ ಮಳೆಗಾಲ ಕಳೆಯುವುದರೊಳಗೆ ಆ ಚಿತ್ರ ಬುಡದಿಂದ ಉದುರತೊಡಗಿದೆ. ಉಳಿದ ಭಾಗದ ಮೇಲೆ ಪೋಸ್ಟರ್‌ಗಳು ಏರುತ್ತಿವೆ. ಅದಕ್ಕಾಗಿಯೇ ಈ ಪತ್ರ.

ಚಿತ್ರ ಬರೆಯಲು ಬಂದ ಹುಡುಗರು ಮೊದಲ ದಿನ ತಂದ ಕರಡಿನಲ್ಲಿ ಬೆಣ್ಣೆದೋಸೆಯಿತ್ತು, ಗಾಜಿನ ಮನೆಯಿತ್ತು, ಕುಂದುವಾಡ ಕೆರೆಯಿತ್ತು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಅದು ಊರಿನ ಯಾವ ಗೋಡೆಗಾದರೂ ಒಪ್ಪುವ ಚಿತ್ರವಾಗಿತ್ತೇ ಹೊರತು ನಮ್ಮ ಕೇರಿಯದಾಗಿರಲಿಲ್ಲ. ಕರಡನ್ನು ಬದಿಗಿಟ್ಟು, ಭಟ್ಟಿಯಲ್ಲಿ ದುಡಿದವರನ್ನೂ ಹತ್ತಿ ಗಿರಣಿಗೆ ಹೋಗುತ್ತಿದ್ದವರನ್ನೂ ಕರೆದು ಕೂರಿಸಿ ಮಾತನಾಡಿಸಿದ ಮೇಲೆಯೇ ಕೆಲಸಕ್ಕೆ ಹದ ಬಂತು. ಎರಡನೆಯ ಕರಡಿನಲ್ಲಿ ಹುಡುಗನೊಬ್ಬ ಭಟ್ಟಿಯ ಮುಂದೆ ಹೆಂಗಸೊಬ್ಬಳು ಬಾಣಲೆಯಲ್ಲಿ ಸೌಟಾಡಿಸುತ್ತಿರುವಂತೆ ಬರೆದಿದ್ದ. ಅದನ್ನು ಕಂಡ ಅಜ್ಜಿಯೊಬ್ಬರು, "ಉಸುಕಿಲ್ದೆ ಮಂಡಕ್ಕಿ ಹೆಂಗ್ ಅರಳ್ತಾವೋ ತಮ್ಮಾ?" ಎಂದು ಕೇಳಿದರು. ನೆನೆಸಿ, ಬೇಯಿಸಿ, ಒಣಗಿಸಿದ ಭತ್ತದಿಂದ ಬಂದ ಅಕ್ಕಿಯನ್ನು ಕಾದ ಉಸುಕಿಗೆ ಹಾಕಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ, ತಕ್ಷಣ ಜರಡಿಗೆ ಸುರಿಯದಿದ್ದರೆ ಸೀದುಹೋಗುತ್ತದೆ ಎಂಬುದನ್ನು ಅವರು ಅಲ್ಲಿಯೇ ಕೈಮಾಡಿ ತೋರಿಸಿದರು. ಈಗ ಗೋಡೆಯ ಮೇಲಿರುವ ಹೆಂಗಸಿನ ಕೈಯಲ್ಲಿ ಜರಡಿಯಿದೆ. ಕೆಳಗೆ ಉಸುಕು ಉದುರುತ್ತಿದೆ. ಮುಖಕ್ಕೆ ತಗಲುವ ಝಳವನ್ನು ತಪ್ಪಿಸಿಕೊಳ್ಳಲು ಆಕೆ ಕತ್ತನ್ನು ತುಸು ವಾರೆ ಮಾಡಿಕೊಂಡಿದ್ದಾಳೆ. ಆ ವಾರೆಯೂ ಅಜ್ಜಿಯೇ ಹೇಳಿ ಮಾಡಿಸಿದ್ದು.

ಗಿರಣಿಯ ಭಾಗದಲ್ಲೂ ಹೀಗೆಯೇ ಆಯಿತು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಈ ಊರನ್ನು ಕರೆಯುತ್ತಿದ್ದ ಕಾಲದಲ್ಲಿ ನನ್ನ ತಂದೆ ಗಿರಣಿಯಲ್ಲಿ ಬದಲಿ ಕಾರ್ಮಿಕರಾಗಿದ್ದರು. ಗಿರಣಿಯ ಸೈರನ್ನನ್ನು ನಮ್ಮ ಮನೆಯಲ್ಲಿ 'ಕೂಗು' ಎನ್ನುತ್ತಿದ್ದರು. ಕೂಗಾದರೆ ಒಲೆ ಹೊತ್ತಬೇಕು, ಇನ್ನೊಂದು ಕೂಗಾದರೆ ಬುತ್ತಿ ಕಟ್ಟಿರಬೇಕು. ಪಾಳಿ ಮುಗಿಸಿ ಬಂದ ತಂದೆಯ ಹುಬ್ಬಿನ ಮೇಲೆ ಹತ್ತಿಯ ಎಳೆಗಳು ಅಂಟಿರುತ್ತಿದ್ದವು. ಮೂವತ್ತೈದರ ವಯಸ್ಸಿಗೇ ಹುಬ್ಬು ನರೆತ ಹಾಗೆ ಕಾಣುತ್ತಿತ್ತು. ಚಿತ್ರದ ಕಾರ್ಮಿಕರಿಗೆ ಬಿಳಿ ಹುಬ್ಬು ಬರೆಸಿದ್ದು ನಾನು. ನೋಡಿದವರು ಬಣ್ಣ ಸಿಡಿದಿರಬೇಕು ಎಂದುಕೊಳ್ಳುತ್ತಾರೆ, ಗಿರಣಿಯವರ ಮಕ್ಕಳು ಮಾತ್ರ ನಿಂತು ನೋಡುತ್ತಾರೆ.

ಗಿರಣಿಯ ಬಾಗಿಲಲ್ಲಿ ಕೆಂಬಾವುಟ ಇರಬೇಕೇ ಬೇಡವೇ ಎಂದು ಎರಡು ಸಂಜೆ ಜಗಳವೇ ಆಯಿತು. ಶಾಲೆಯ ಗೋಡೆಗೆ ರಾಜಕೀಯ ಏಕೆ ಎಂಬುದು ಕೆಲವರ ವಾದ. ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ನಾಯಕ ಪಂಪಾಪತಿಯವರನ್ನು 1978, 1983 ಮತ್ತು 1985ರಲ್ಲಿ ಮೂರು ಬಾರಿ ವಿಧಾನಸಭೆಗೆ ಕಳಿಸಿದ ಊರಿದು. ಬಾವುಟವಿಲ್ಲದ ಗಿರಣಿ ಬಾಗಿಲು ಬರೆದರೆ ಅದು ಬೇರೆ ಯಾವುದೋ ಊರಿನ ಗಿರಣಿಯಾಗುತ್ತದೆ ಎಂದು ನಾನು ಹೇಳಿದೆ. ಕೊನೆಗೆ ಅಂಗೈಯಗಲದ ಬಾವುಟಕ್ಕೆ ಒಪ್ಪಿಗೆ ಸಿಕ್ಕಿತು. ದುಗ್ಗಮ್ಮನ ಜಾತ್ರೆ ಮತ್ತು ಚಿಂದೋಡಿ ಮನೆತನದ ನಾಟಕ ಕಂಪನಿಯ ಡೇರೆಗೆ ಯಾರ ತಕರಾರೂ ಇರಲಿಲ್ಲ.

ಇನ್ನು ಅಳಲಿನ ವಿಷಯ. ಗೋಡೆಯ ಬುಡಕ್ಕೇ ಚರಂಡಿಯಿದೆ; ಅದರ ಹಾಸುಗಲ್ಲುಗಳು ಸರಿದು, ನೀರು ಮುಂದೆ ಹರಿಯದೆ ನಿಂತು, ತೇವ ಗೋಡೆಯನ್ನೇರುತ್ತಿದೆ. ತೇವದ ಜೊತೆ ಮೇಲೆ ಬಂದ ಉಪ್ಪು ಗಾರೆಯ ಮೇಲೆ ಬೆಳ್ಳಗೆ ಒಡೆದು ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಪ್ರೈಮರ್ ಬಳಿದು, ಹೊರಗೋಡೆಗೆಂದೇ ಇರುವ ಎಮಲ್ಷನ್ ಬಳಸಿಯೂ ಸುಮಾರು ಎರಡಡಿ ಎತ್ತರದವರೆಗೆ ಚಿತ್ರ ಹೋಗಿದೆ. ಸಾಲದೆಂಬಂತೆ, ಟ್ಯೂಷನ್ ಕೇಂದ್ರವೊಂದರ ಪೋಸ್ಟರನ್ನು ಯಾರೋ ರಾತ್ರೋರಾತ್ರಿ ಮೈದಾ ಅಂಟು ಬಳಿದು, ಜರಡಿ ಹಿಡಿದ ಹೆಂಗಸಿನ ಮುಖಕ್ಕೇ ಸರಿಯಾಗಿ ಹಚ್ಚಿಹೋಗಿದ್ದರು. ನೀರು ಚಿಮುಕಿಸಿ, ಬೆರಳ ತುದಿಯಿಂದ ಮೆಲ್ಲಗೆ ಎಬ್ಬಿಸಿದರೂ ಕಾಗದದೊಂದಿಗೆ ಒಂದು ಕೆನ್ನೆಯ ಬಣ್ಣ ಎದ್ದುಬಂತು. ಗೋಡೆಗಳನ್ನು ಹೀಗೆ ಕೆಡಿಸುವುದರ ವಿರುದ್ಧ ರಾಜ್ಯದಲ್ಲಿ 1981ರಿಂದಲೂ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ; ಆದರೆ ನಮ್ಮ ಕೇರಿಯವರೆಗೆ ಅದು ನಡೆದು ಬಂದದ್ದನ್ನು ನಾನಂತೂ ಕಂಡಿಲ್ಲ.

ನನಗೆ ಇನ್ನೂ ಒಂದು ಭಯವಿದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಹಳೇ ಊರಿನ ಮನೆಗಳಿಗೆಲ್ಲ ಸುಣ್ಣಬಣ್ಣವಾಗುತ್ತದೆ. ಆ ಭರಾಟೆಯಲ್ಲಿ ಗುತ್ತಿಗೆದಾರರ ಆಳುಗಳು ಈ ಗೋಡೆಗೂ ಒಂದು ಕೈ ಸುಣ್ಣ ಹೊಡೆದುಬಿಟ್ಟರೆ ಕೇಳುವವರಿಲ್ಲ, ಏಕೆಂದರೆ ಇಲ್ಲಿ ಚಿತ್ರವಿದೆ ಎಂಬುದು ಯಾವ ಕಡತದಲ್ಲೂ ಇಲ್ಲ. ಮಹಾನಗರ ಪಾಲಿಕೆಯವರು ಕೇರಿಗಳಲ್ಲಿರುವ ಇಂಥ ಗೋಡೆಚಿತ್ರಗಳನ್ನು ವಾರ್ಡ್‌ವಾರು ಪಟ್ಟಿ ಮಾಡಿ, ಸುಣ್ಣಬಣ್ಣದ ಗುತ್ತಿಗೆ ಕೊಡುವಾಗ ಆ ಗೋಡೆಗಳನ್ನು ಬಿಡುವಂತೆ ಬರವಣಿಗೆಯಲ್ಲಿಯೇ ಸೂಚಿಸಬೇಕೆಂದು ಕೋರುತ್ತೇನೆ. ನಮ್ಮ ಊರಿನಲ್ಲಿಯೇ ದೃಶ್ಯಕಲಾ ಮಹಾವಿದ್ಯಾಲಯವಿದೆ. ಯಾವ ಗೋಡೆ ಚಿತ್ರಕ್ಕೆ ತಕ್ಕದ್ದು, ಯಾವುದು ತೇವ ಹಿಡಿದದ್ದು ಎಂದು ಬಣ್ಣ ಮುಟ್ಟುವ ಮೊದಲೇ ಅಲ್ಲಿನ ಅಧ್ಯಾಪಕರನ್ನು ಕೇಳಿದರೆ ಬೇರೆ ಕೇರಿಯವರಾದರೂ ನಮ್ಮಂತೆ ಮೋಸಹೋಗುವುದು ತಪ್ಪುತ್ತದೆ.

ಆ ಕೆನ್ನೆಯನ್ನು ಮತ್ತೆ ಬರೆದುಕೊಡಲು ಹುಡುಗರು ತಯಾರಿದ್ದಾರೆ, ಬಣ್ಣದ ಖರ್ಚನ್ನು ಕೇರಿಯವರು ವಹಿಸಿಕೊಂಡಿದ್ದೇವೆ. ಆದರೆ ಬುಡದ ಗಾರೆ ಒಣಗದೆ ಕುಂಚ ಮುಟ್ಟಿಸಿ ಫಲವಿಲ್ಲ. ಚರಂಡಿಯ ಹೂಳೆತ್ತಿಸಿ ಹಾಸುಗಲ್ಲು ಸರಿಪಡಿಸುವ ಕೆಲಸವೊಂದನ್ನು ಪಾಲಿಕೆ ಈ ಬೇಸಿಗೆಯೊಳಗೆ ಮಾಡಿಕೊಡಲಿ.

– ಗಿರಣಿ ಕಾರ್ಮಿಕರೊಬ್ಬರ ಮಗ, ಹಳೇ ದಾವಣಗೆರೆ