ಮುಂದಿನ ಚರ್ಚೆ: ತೆರೆಯ ಮೇಲೆ ಬಿಳಿಯತನ ರೂಪುಗೊಂಡ ಬಗೆ

ಆತ್ಮೀಯ ಸದಸ್ಯರೇ,

ಮುಂದಿನ ಚರ್ಚೆಗೆ ಮೊದಲು 1927ರ ‘ದಿ ಜಾಝ್ ಸಿಂಗರ್’ ಚಿತ್ರವನ್ನು ಎಲ್ಲರೂ ನೋಡಿಕೊಂಡು ಬರಬೇಕೆಂದು ವಿನಂತಿ. ಹಾಲಿವುಡ್ ಮಾತಾಡಲು ಕಲಿತದ್ದು ಈ ಚಿತ್ರದಿಂದ ಎಂದಷ್ಟೇ ನೆನೆಯುವುದು ರೂಢಿ. ನಾವು ಗಮನವಿಡಬೇಕಾದದ್ದು ಕನ್ನಡಿಯ ಮುಂದಿನ ದೃಶ್ಯದ ಮೇಲೆ. ನ್ಯೂಯಾರ್ಕಿನ ಯಹೂದಿ ವಲಸಿಗರ ಮಗ ಜೇಕಿ ರಬಿನೋವಿಟ್ಜ್, ಜ್ಯಾಕ್ ರಾಬಿನ್ ಎಂದು ಹೆಸರು ಬದಲಿಸಿಕೊಂಡವನು, ಅಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡು, ಗುಂಗುರುಗೂದಲಿನ ಟೋಪನ್ ತೊಟ್ಟು ರಂಗಕ್ಕೆ ಸಿದ್ಧನಾಗುತ್ತಾನೆ. ಆ ಕಪ್ಪು ಒರೆಸಿದರೆ ಹೋಗುವಂಥದ್ದು. ಪೂರ್ತಿ ಬಿಳಿಯನೆಂದು ಸಮಾಜ ಇನ್ನೂ ಒಪ್ಪಿರದ ಬಡ ವಲಸಿಗನೊಬ್ಬ, ಕರಿಯರ ವೇಷ ಹಾಕಿ ಕಳಚಬಲ್ಲೆನೆಂದು ತೋರಿಸುವುದರ ಮೂಲಕವೇ ಬಿಳಿಯ ಅಮೆರಿಕನ್ ಆಗುತ್ತಾನೆ ಎಂಬುದು ನನ್ನ ಓದು, ಮತ್ತು ಪ್ರತಿ ಸಲ ನೋಡಿದಾಗಲೂ ನನ್ನನ್ನು ಕಲಕುವುದು ಇದೇ.

ಕರಿಯ ಕಲಾವಿದರಿಗೆ ಆ ಸ್ವಾತಂತ್ರ್ಯವಿರಲಿಲ್ಲ. 1930ರ ನಿರ್ಮಾಣ ಸಂಹಿತೆ, ಅಂದರೆ ಚಿತ್ರಗಳಲ್ಲಿ ಏನನ್ನು ತೋರಿಸಬಹುದು, ತೋರಿಸಬಾರದು ಎಂದು ಹಾಲಿವುಡ್ ತನಗೆ ತಾನೇ ಹಾಕಿಕೊಂಡ ನಿಯಮಾವಳಿ, ಬಿಳಿಯ ಮತ್ತು ಕರಿಯ ಜನಾಂಗಗಳ ನಡುವಿನ ಲೈಂಗಿಕ ಸಂಬಂಧವನ್ನು ತೆರೆಯಿಂದಲೇ ನಿಷೇಧಿಸಿತು. ಹ್ಯಾಟಿ ಮೆಕ್‌ಡೇನಿಯಲ್ 1940ರಲ್ಲಿ ಆಸ್ಕರ್ ಪಡೆದ ಮೊದಲ ಕರಿಯ ಕಲಾವಿದೆಯಾದರು. ಆದರೆ ಆ ಪ್ರಶಸ್ತಿ ಬಂದದ್ದು ಬಿಳಿಯರ ಮನೆಯ ಆಳಿನ ಪಾತ್ರಕ್ಕೆ, ಮತ್ತು ಸಮಾರಂಭದ ರಾತ್ರಿ ಅವರನ್ನು ಸಹನಟರಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಲಾಗಿತ್ತು. ಜನಾಂಗವನ್ನೂ ವರ್ಗವನ್ನೂ ಬೇರ್ಪಡಿಸಿ ಮಾತಾಡುವುದು ಇಲ್ಲಿ ಸಾಧ್ಯವೇ ಇಲ್ಲ.

ಚಿತ್ರ ನೋಡುವಾಗ ಬೆಳಕು ಯಾರ ಮುಖವನ್ನು ಅರಸಿ ಹೋಗುತ್ತದೆ, ಬಾಗಿಲ ಬಳಿ ಯಾರು ನಿಂತೇ ಇರುತ್ತಾರೆ ಎಂಬುದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಚರ್ಚೆಯನ್ನು ಆ ಟಿಪ್ಪಣಿಗಳಿಂದಲೇ ಆರಂಭಿಸೋಣ.